ಅತ್ತೆಯ ಹನ್ನೊಂದು ಮರಿ, ನನ್ನ ಒಂದು ಮಾಗಿ

ನನ್ನ ಬಾಯಿ ಒಂದು ಮಧ್ಯಾಹ್ನ ಸುಮ್ಮನಿದ್ದಿದ್ದರೆ ನಮ್ಮ ಮನೆಗೆ ಕೋಳಿ ಬರುತ್ತಿರಲಿಲ್ಲ.

ಗುಬ್ಬಿಯಲ್ಲಿ ನಂಟರ ಮನೆಯ ಗೃಹಪ್ರವೇಶ. ಊಟವಾಗಿ, ಹೊಸ ಟೈಲ್ಸಿನ ಮೇಲೆ ಎಲ್ಲರೂ ಕಾಲು ಚಾಚಿ ಎಲೆಯಡಿಕೆ ಮೆಲ್ಲುತ್ತಿದ್ದಾಗ ಯಾರೋ, "ಏನ್ಲಾ, ಯಾರ್ದಾದ್ರೂ ಮಿಮಿಕ್ರಿ ಮಾಡ್ಲಾ" ಎಂದರು. ನಮ್ಮ ನಂಟರಲ್ಲಿ ನನ್ನ ಸ್ಥಾನ ವಾಲಗದವರದು. ಊಟಕ್ಕೆ ಕರೆದ ಮೇಲೆ ಸದ್ದು ಮಾಡಿಸದೆ ಬಿಡುವುದಿಲ್ಲ. ಹೋಮದ ಹೊಗೆಗೆ ಕೆಮ್ಮುತ್ತಲೇ ಮಂತ್ರ ಮುಗಿಸಿದ ಪುರೋಹಿತರನ್ನು ಮಾಡಿದೆ. ಪ್ರತಿ ಕಿಟಕಿಯನ್ನೂ ತಟ್ಟಿ "ಒರಿಜಿನಲ್ ತೇಗ" ಎನ್ನುತ್ತಿದ್ದ ಮನೆಯೊಡೆಯರನ್ನು ಮಾಡಿದೆ. ನಗು ಏರಿತು. ಏರಿದ ನಗುವನ್ನು ಇಳಿಯಗೊಡಬಾರದೆಂಬ ದುರಾಸೆಯಲ್ಲಿ, ಎದುರಿಗೇ ಕೂತಿದ್ದ ಸೋದರತ್ತೆಯನ್ನೂ ಮಾಡಿಬಿಟ್ಟೆ.

ಅತ್ತೆ ಸಿ.ಎಸ್. ಪುರದ ಹತ್ತಿರದ ಹಳ್ಳಿಯವರು. ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ. ಹಗಲು ಮಕ್ಕಳು, ಸಂಜೆ ಕೋಳಿಗಳು. ಎರಡಕ್ಕೂ ಒಂದೇ ದನಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವರು ಕೋಳಿ ಕರೆಯುವುದನ್ನೂ, ಅದರ ನಡುವೆ ಉಸಿರು ತೆಗೆಯದೆ ಮಾವನನ್ನು ಬೈಯುವುದನ್ನೂ, ಕೊನೆಗೆ ಕೋಳಿಗಳ ಜೊತೆ ಮಾವನೂ ಓಡಿ ಬಂದು ಸಾಲಿನಲ್ಲಿ ನಿಲ್ಲುವುದನ್ನೂ ಮಾಡಿ ತೋರಿಸಿದೆ. ಮಾವನೇ ಮೊದಲು ನಕ್ಕರು. ಅತ್ತೆ ನಗಲಿಲ್ಲ. ಅಡಿಕೆ ಚೂರನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ಸರಿಸಿಕೊಂಡು ಹೇಳಿದರು:

"ಬಾಯಲ್ಲೇ ಕೋಳಿ ಸಾಕ್ತೀಯ ಕಣೋ ನೀನು. ನಿಜವಾದ್ದು ಒಂದ್ ಕೊಡ್ತೀನಿ, ಸಾಕಿ ತೋರ್ಸು. ಬಿಟ್ಟಿ ಅಲ್ಲ, ವಾರಕ್ಕೆ."

ವಾರಕ್ಕೆ ಕೊಡುವುದೆಂದರೆ ನಮ್ಮ ಕಡೆ ಪಾಲಿಗೆ ಸಾಕಲು ಕೊಡುವುದು. ಕೋಳಿ ಕೊಟ್ಟವರದು, ಸಾಕುವ ಕಷ್ಟ ತೆಗೆದುಕೊಂಡವರದು, ಮರಿಗಳಲ್ಲಿ ಅರ್ಧರ್ಧ. ಕುರಿಗೆ, ಹಸುವಿಗೆ ಈ ಪದ್ಧತಿ ಈಗಲೂ ಉಂಟು. ತುಮಕೂರಿನ ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟಿನ ಹಿತ್ತಲಲ್ಲಿ ಕೋಳಿಯನ್ನು ವಾರಕ್ಕೆ ಸಾಕಿದವನು ಬಹುಶಃ ನಾನೊಬ್ಬನೇ. ಸಭೆಯ ಮುಂದೆ ಬಂದ ಸವಾಲು. ಇಲ್ಲ ಎಂದರೆ ಮುಂದಿನ ಗೃಹಪ್ರವೇಶದಲ್ಲಿ ನನ್ನನ್ನೇ ಯಾರಾದರೂ ಮಾಡಿ ತೋರಿಸುತ್ತಿದ್ದರು. "ಕೊಡಿ ಅತ್ತೆ" ಎಂದೆ.

ದಸರೆ ಕಳೆದು ಕೆಲವೇ ದಿನಕ್ಕೆ ಅತ್ತೆ ಬಸ್ಸಿಳಿದು ಬಂದರು. ಒಂದು ಕೈಚೀಲದಿಂದ ಕೆಂಚು ಬಣ್ಣದ ಹೇಟೆಕೋಳಿಯೊಂದು ಕತ್ತು ಹೊರಗಿಟ್ಟುಕೊಂಡು, ಕಾರ್ಪೊರೇಷನ್ನಿನವರು ರಸ್ತೆ ಪರೀಕ್ಷಿಸುವ ಹಾಗೆ ನಮ್ಮ ಬೀದಿಯನ್ನು ನೋಡುತ್ತಿತ್ತು. ಇನ್ನೊಂದು ಚೀಲದಲ್ಲಿ ರಾಗಿ ತುಂಬಿದ ಡಬ್ಬ. ರಾಗಿಯೊಳಗೆ ಹದಿಮೂರು ಮೊಟ್ಟೆ; ಬಸ್ಸಿನ ಕುಲುಕಾಟಕ್ಕೆ ಒಂದೂ ಬಿರಿದಿರಲಿಲ್ಲ. ಅತ್ತೆಯ ಹಟ್ಟಿಯ ಬೇರೆ ಬೇರೆ ಕೋಳಿಗಳ ಮೊಟ್ಟೆಗಳವು. ಹೇಟೆ ಕಾವಿಗೆ ಬಂದಿತ್ತು. ಹಳೆಯ ಬಾಂಡ್ಲಿಯೊಂದರಲ್ಲಿ ಬೂದಿ ಹರಡಿ, ಅದರ ಮೇಲೆ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಗುಡುಗಿಗೆ ಕೆಡದಿರಲೆಂದು ನಡುವೆ ಒಂದು ಕಬ್ಬಿಣದ ಮೊಳೆ ಇಟ್ಟು, ಅತ್ತೆ ಕೋಳಿಯನ್ನು ಕೂರಿಸಿದರು.

"ಇಪ್ಪತ್ತೊಂದು ದಿನ. ಅದರ ಮುಂದೆ ನಿನ್ ಡ್ರಾಮಾ ಎಲ್ಲಾ ಮಾಡ್ಬೇಡ. ಗಾಬರಿಯಾಗಿ ಎದ್ದೋಗ್ತದೆ."

ಮನೆಯಲ್ಲಿದ್ದವರು ಅಮ್ಮ ಮತ್ತು ನಾನು. ಅಪ್ಪನಿಗೆ ಹುಬ್ಬಳ್ಳಿ ಕಡೆಗೆ ವರ್ಗವಾಗಿತ್ತು, ತಿಂಗಳಿಗೊಮ್ಮೆ ಬರುತ್ತಿದ್ದರು. ನನಗೆ ಕುಣಿಗಲ್ಲಿನ ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಂದರೆ ಕೋಳಿ ಸಾಕಲು ಒಪ್ಪಿಕೊಂಡವನು ನಾನು, ಸಾಕುವವರು ಅಮ್ಮ. ಈ ಸತ್ಯವನ್ನು ಅಮ್ಮ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ಕೋಳಿ ಕಾವಿಗೆ ಕೂತು ಹತ್ತು ಹನ್ನೆರಡು ದಿನವಾಗಿರಬೇಕು, ಅತ್ತೆಯ ಫೋನ್ ಬಂತು. ದನಿ ಎಷ್ಟು ಸಣ್ಣಗಿತ್ತೆಂದರೆ ನನಗೆ ಗುರುತೇ ಸಿಗಲಿಲ್ಲ.

"ಎಲ್ಲಾ ಹೋದ್ವು ಕಣೋ."

"ಏನ್ ಹೋದ್ವು ಅತ್ತೆ?"

"ಕೋಳಿ. ಕೊಕ್ಕರೆ ರೋಗ. ಆರು ದಿನದಲ್ಲಿ ಇಪ್ಪತ್ಮೂರೂ ಹೋದ್ವು. ಕತ್ತು ತಿರುಚ್ಕೊಂಡು, ಬಿದ್ದು ಬಿದ್ದು... ಇವತ್ತು ಕೊನೇ ಹುಂಜಾನೂ ಮಣ್ಣು ಮಾಡಿದ್ವಿ. ಕೂಗಲಿಲ್ಲ ನೋಡು, ಏಳೂವರೆ ತನಕ ಮಲ್ಗಿದ್ವಿ ಇಬ್ರೂ."

ನಾನು ಫೋನ್ ಹಿಡಿದೇ ಬಾಂಡ್ಲಿಯ ಹತ್ತಿರ ಹೋದೆ. ಅತ್ತೆ ಕೇಳಿದರು:

"ಅದು ಕೂತೈತಾ?"

"ಕೂತೈತೆ ಅತ್ತೆ."

"ಎಬ್ಬಿಸ್ಬೇಡ."

ಅಷ್ಟೇ. ಆದರೆ ಆ ಎರಡು ಮಾತಿಗೆ ಬಾಂಡ್ಲಿಯೊಳಗಿದ್ದುದು ಬೇರೆಯದೇ ಆಯಿತು. ಅದುವರೆಗೆ ಅದು ಒಂದು ಪಂದ್ಯ. ಈಗ ಅತ್ತೆಯ ಹಟ್ಟಿಯಲ್ಲಿ ಉಳಿದದ್ದೆಂದರೆ ಆ ಹೇಟೆ ಮತ್ತು ಅದರ ಹೊಟ್ಟೆಯ ಕೆಳಗಿನ ಮೊಟ್ಟೆಗಳು ಮಾತ್ರ. ಹೊಸ ಕೋಳಿ ಕೊಂಡು ತರಬಹುದಲ್ಲ ಎಂದು ಯಾರೋ ಅಂದಿದ್ದಕ್ಕೆ ಅತ್ತೆ, "ನನ್ ಹಟ್ಟೀಲಿ ಹುಟ್ಟಿದ್ದು ನನ್ ಹಟ್ಟೀಲಿ ಇರ್ಬೇಕು" ಎಂದರಂತೆ. ಪಶು ವೈದ್ಯರು ಹಟ್ಟಿಯನ್ನು ಗುಡಿಸಿ, ಸುಣ್ಣ ಬಳಿದು, ಶಿವರಾತ್ರಿಯ ತನಕ ಖಾಲಿ ಬಿಡಬೇಕು ಎಂದಿದ್ದರು. ಅಲ್ಲಿಯವರೆಗೆ ಮರಿಗಳು ನಮ್ಮ ಹಿತ್ತಲಲ್ಲೇ ಬದುಕಬೇಕು. ಅಂದರೆ ಇಡೀ ಮಾಗಿ. ಅವನ್ನು ಅತ್ತೆಯ ಹಟ್ಟಿಗೆ ನಾನೇ ಮುಟ್ಟಿಸಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಅಮ್ಮನಿಗೆ ಹೇಳಿದೆ. ಅಮ್ಮ, "ನೀನಲ್ಲ, ನಾನು" ಎಂದರು.

ಹದಿಮೂರರಲ್ಲಿ ಹನ್ನೊಂದು ಒಡೆದವು. ಕಾರ್ತಿಕ ಮುಗಿಯುತ್ತ ಬಂದು, ಬೆಳಿಗ್ಗೆ ಬಟ್ಟೆಯ ತಂತಿಯ ಮೇಲೆ ಇಬ್ಬನಿ ಸಾಲಾಗಿ ಕೂರುವ ಕಾಲ. ನಾನು ಗೂಡು ಕಟ್ಟಲು ನಿಂತೆ. ದಪ್ಪ ಟೀವಿ ಹೋದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದ ಮರದ ಷೋಕೇಸು ಇತ್ತು; ಅದನ್ನು ಹಿತ್ತಲಿಗೆ ಎಳೆದೆ. ಮುಂದೆ ಜಾಲರಿಯ ಬಾಗಿಲು ಹೊಡೆದೆ. ಚಳಿ ನುಗ್ಗದ ಹಾಗೆ ಸುತ್ತ ಹೊದಿಸಲು ಏನಾದರೂ ಬೇಕಲ್ಲ? ಗಣೇಶನ ಹಬ್ಬದಲ್ಲಿ ನಮ್ಮ ಬೀದಿಯ ಹುಡುಗರು ನನ್ನ ಮಿಮಿಕ್ರಿ ಇಟ್ಟುಕೊಂಡು, ಬಾಯಿ ಅಗಲಕ್ಕೆ ತೆರೆದ ನನ್ನದೊಂದು ಫೋಟೋ ಹಾಕಿಸಿ ಫ್ಲೆಕ್ಸ್ ಮಾಡಿಸಿದ್ದರು. 'ನಗೆಯ ಹಬ್ಬ' ಎಂದು ಅದರ ಮೇಲೆ ಬರೆದಿತ್ತು. ಅದನ್ನೇ ಬಾಗಿಲೂ ಸೇರಿ ನಾಲ್ಕೂ ಕಡೆ ಬಿಗಿದು ಮೊಳೆ ಹೊಡೆದೆ. ಒಂದು ಸೂಜಿಯಷ್ಟೂ ಸಂದು ಬಿಡಲಿಲ್ಲ. ನೋಡಿದವರಿಗೆ ಕೋಳಿಗಳನ್ನು ನಾನೇ ನುಂಗಿಕೊಂಡು ಕೂತ ಹಾಗೆ ಕಾಣುತ್ತಿತ್ತು.

ನೆಲಕ್ಕೆ ಹಾಸಲು ಗುಬ್ಬಿಯ ತೆಂಗಿನ ನಾರಿನ ಕಾರ್ಖಾನೆಯಿಂದ ಎರಡು ಮೂಟೆ ನಾರುಪುಡಿ ತಂದೆ. ಮೆತ್ತಗೆ, ಹಗುರಾಗಿ, ಕಾಫಿಪುಡಿಯ ಬಣ್ಣದಲ್ಲಿ ಚೆಂದವಾಗಿತ್ತು. ಒಂದು ಗೇಣು ದಪ್ಪ ಹಾಸಿದೆ. ನಾನೇ ಮಲಗೋಣ ಅನಿಸುವಂತಿತ್ತು. ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಕಾಂಪೌಂಡಿನ ಮೇಲಿಂದ ನೋಡಿ, "ಏನಪ್ಪಾ, ಸ್ಲೀಪರ್ ಕೋಚ್ ಮಾಡ್ಸಿದೀಯ" ಎಂದರು. ಅವರದೇ ದನಿಯಲ್ಲಿ ನಾನು "ಒಳಗಡೆ ಹೋಗಿ, ಒಳಗಡೆ ಹೋಗಿ, ಮಧ್ಯ ಜಾಗ ಐತೆ" ಎಂದು ಮರಿಗಳನ್ನು ಗೂಡಿಗೆ ಹತ್ತಿಸಿದೆ.

ಒಂದು ವಾರವೂ ಆಗಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಗೂಡಿನಿಂದ 'ಪ್ಚ್, ಪ್ಚ್' ಎಂದು ಕೇಳಿಸಿತು. ನನ್ನನ್ನೇ ಯಾರೋ ಅಣಕಿಸುತ್ತಿದ್ದಾರೆ ಅಂದುಕೊಂಡೆ. ಮರಿಗಳು ಸೀನುತ್ತಿದ್ದವು. ಜಾಲರಿ ತೆಗೆದರೆ ಒಳಗಿಂದ ಕಣ್ಣು ಉರಿಯುವಂಥ ಗಬ್ಬು ಮುಖಕ್ಕೆ ರಾಚಿತು. ಫ್ಲೆಕ್ಸಿನ ಒಳಮೈಯಲ್ಲಿ ನೀರು ಹನಿ ಕಟ್ಟಿ ಇಳಿಯುತ್ತಿತ್ತು. ಒಂದು ಮರಿ ತಾಯಿಯ ರೆಕ್ಕೆಯಿಂದ ಹೊರಗೆ, ಪುಡಿಯ ಮೇಲೆ, ಸತ್ತು ಬಿದ್ದಿತ್ತು.

ಅತ್ತೆಗೆ ಫೋನ್ ಮಾಡಿ ಹೇಗೆ ಹೇಳುವುದು? ಮೊದಲು ಅಮ್ಮನ ಕೈಯಲ್ಲಿ ಹೇಳಿಸೋಣ ಅಂದುಕೊಂಡೆ. ಆಮೇಲೆ ಅಮ್ಮನ ದನಿಯಲ್ಲಿ ನಾನೇ ಹೇಳಿಬಿಡೋಣ ಅನ್ನುವ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ನನ್ನ ದನಿಯಲ್ಲೇ ಹೇಳಿದೆ. ಅತ್ತೆ ಬೈಯಲಿಲ್ಲ. "ಭಾನುವಾರ ಅಲ್ವಾ, ಮನೇಲೇ ಇರು" ಎಂದು ಫೋನ್ ಇಟ್ಟರು. ಹತ್ತು ಗಂಟೆಯ ಹೊತ್ತಿಗೆ ಗೇಟಿನಲ್ಲಿದ್ದರು.

ಬಂದವರು ಕಾಫಿಯನ್ನೂ ಮುಟ್ಟದೆ ನೇರವಾಗಿ ಹಿತ್ತಲಿಗೆ ಹೋಗಿ ಗೂಡಿನೊಳಗೆ ಕೈ ಹಾಕಿ ಒಂದು ಹಿಡಿ ನಾರುಪುಡಿ ತೆಗೆದು ಹಿಂಡಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು.

"ಇದನ್ನ ಜನ ಯಾಕ್ ತಗೊಂಡೋಗ್ತಾರೆ ಹೇಳು?"

"ಗಿಡದ ಬುಡಕ್ಕೆ ಹಾಕೋಕೆ."

"ಯಾಕ್ ಹಾಕ್ತಾರೆ?"

"ನೀರು..." ಎಂದವನು ಅಲ್ಲೇ ನಿಂತೆ.

"ಹೇಳು ಹೇಳು, ಬಾಯ್ ಐತಲ್ಲ ದೊಡ್ಡದಾಗಿ."

"ನೀರು ಹಿಡಿದಿಟ್ಕೊಳ್ಳುತ್ತೆ ಅಂತ."

ಗುಬ್ಬಿ ತಾಲೂಕಿನಲ್ಲಿ ಹುಟ್ಟಿದ ಯಾವ ಮಗುವಿಗೂ ಗೊತ್ತಿರುವ ವಿಷಯ. ಅಲ್ಲಿನ ನಾರುಪುಡಿ ಲಾರಿಗಟ್ಟಲೆ ಎಲ್ಲೆಲ್ಲಿಗೋ ಹೋಗುವುದೇ ಒಂದು ಸಲ ಕುಡಿದ ನೀರನ್ನು ಸುಲಭವಾಗಿ ಬಿಡುವುದಿಲ್ಲ ಎಂಬ ಗುಣಕ್ಕೆ. ಕೋಳಿಗಳ ಉಸಿರು, ಹಿಕ್ಕೆ, ಚೆಲ್ಲಿದ ನೀರು, ಫ್ಲೆಕ್ಸಿನಿಂದ ಇಳಿದ ಹನಿ ಎಲ್ಲವನ್ನೂ ಅದು ಕುಡಿದು ಕೂತಿತ್ತು. ಅದರ ಮೇಲೆ ಅಂಗೈಯಷ್ಟು ಮರಿಗಳನ್ನು ನಾನು ಬೆಚ್ಚಗಿರಲೆಂದು ಮಲಗಿಸಿದ್ದೆ.

"ಚಳಿಗೆ ಕೋಳಿ ಸಾಯಲ್ಲ ಕಣೋ," ಅತ್ತೆ ಹೇಳಿದರು. "ಮೈಮೇಲೆ ಪುಕ್ಕ ಯಾಕೆ ಐತೆ? ತೇವಕ್ಕೆ ಸಾಯ್ತವೆ, ಗಾಳಿ ಇಲ್ದೆ ಸಾಯ್ತವೆ. ಮೈಗೆ ಗಾಳಿ ಬಡೀಬಾರ್ದು, ತಲೆ ಮೇಲೆ ಗಾಳಿ ಆಡ್ಬೇಕು. ಕುಡುಗೋಲ್ ತಗೊಂಬಾ."

ಜಾಲರಿಯ ಮೇಲುಭಾಗದಲ್ಲಿ ಎಲ್ಲಿ ಕತ್ತರಿಸುವುದು ಎಂದು ಅತ್ತೆ ಒಂದು ಗಳಿಗೆ ನೋಡಿದರು. ಫ್ಲೆಕ್ಸಿನಲ್ಲಿ ನನ್ನ ತೆರೆದ ಬಾಯಿ ಸರಿಯಾಗಿ ಅಲ್ಲಿಗೇ ಬಂದಿತ್ತು. "ಇದೇ ಸರಿಯಾಗೈತೆ" ಎಂದು ಮೇಲ್ದುಟಿಯಿಂದ ಕೆಳದುಟಿಯವರೆಗೆ ಕುಯ್ದು ತೆಗೆದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಂಪೌಂಡಿನಾಚೆಯಿಂದ ಕಂಡಕ್ಟರ್, "ಅಂತೂ ಆ ಬಾಯಿಂದ ಒಂದ್ ಉಪಯೋಗ ಆಯ್ತು" ಎಂದರು. ನನ್ನ ಇಷ್ಟು ವರ್ಷದ ಪ್ರದರ್ಶನಗಳಲ್ಲಿ ಅಷ್ಟು ಚಿಕ್ಕ ಸಭೆ ಅಷ್ಟು ಜೋರಾಗಿ ನಕ್ಕಿದ್ದಿಲ್ಲ. ನಾನೂ ನಕ್ಕೆ. ಆದರೆ ಸತ್ತ ಮರಿಯನ್ನು ನಾನು ಅಷ್ಟರಲ್ಲಾಗಲೇ ಸೀಬೆ ಗಿಡದ ಬುಡದಲ್ಲಿ ಹೂತಿದ್ದೆ. ಅತ್ತೆ ಹೊರಡುವಾಗ ಅಲ್ಲಿ ಮಣ್ಣು ಹೊಸದಾಗಿರುವುದನ್ನು ನೋಡಿ, "ಒಂದಾ?" ಎಂದರು. "ಒಂದೇ ಅತ್ತೆ." "ಹತ್ತು ಐತಲ್ಲ. ನೋಡ್ಕೋ." ಬೈದಿದ್ದರೆ ಚೆನ್ನಾಗಿತ್ತು.

ನಾರುಪುಡಿಯನ್ನೆಲ್ಲ ಬಿಸಿಲಿಗೆ ಎಸೆದೆ. ಕುಣಿಗಲ್ ಕೆರೆಯ ಕೆಳಗೆ ಭತ್ತ ಬೆಳೆಯುವವರು ನಮ್ಮ ಅಂಗಡಿಗೆ ಮೋಟಾರು ರಿಪೇರಿಗೆ ಬರುತ್ತಿದ್ದರು. ಅವರನ್ನು ಕೇಳಿ ಭತ್ತದ ಹೊಟ್ಟು ಮೂಟೆ ಕಟ್ಟಿ ಬಸ್ಸಿನಲ್ಲಿ ತಂದೆ. ಹೊಟ್ಟು ನೀರು ಹಿಡಿಯುವುದಿಲ್ಲ, ಕೆದಕಿದರೆ ಆರುತ್ತದೆ. ದಿನಾ ಬೆಳಿಗ್ಗೆ ಕೋಲಿನಿಂದ ಕೆದಕುವುದು, ಒದ್ದೆಯಾದಷ್ಟನ್ನು ತೆಗೆಯುವುದು, ಹೊಸದು ಹಾಕುವುದು. ನೀರಿನ ಬಟ್ಟಲನ್ನು ಗೂಡಿನಿಂದ ಹೊರಗಿಟ್ಟೆ. ಇಬ್ಬನಿ ಆರುವ ತನಕ ಮರಿಗಳನ್ನು ಹಿತ್ತಲಿಗೆ ಬಿಡಬಾರದು ಎಂದು ಅತ್ತೆಯ ಆಜ್ಞೆ. ಅದನ್ನು ಅಮ್ಮ ಪಾಲಿಸುತ್ತಿದ್ದರು. ಏಳೂವರೆಗೆ ಹೊರಬಂದು ಹುಲ್ಲನ್ನು ಕಾಲಿನಿಂದ ಸವರಿ ನೋಡಿ, "ಇನ್ನೂ ಇಲ್ಲ" ಎಂದು ಒಳಗೆ ಹೋಗುವರು. ಸಂಜೆ ಮುಚ್ಚುವ ಮುಂಚೆ ನುಚ್ಚು ಮಾಡಿದ ಜೋಳ, ರಾಗಿ ಹೊಟ್ಟೆ ತುಂಬ. ತುಂಬಿದ ಹೊಟ್ಟೆಯೇ ಕೋಳಿಗೆ ಕಂಬಳಿ ಎಂದು ಅತ್ತೆ ಹೇಳಿದ್ದರು.

ಕೊಕ್ಕರೆ ರೋಗಕ್ಕೆ ಲಸಿಕೆ ಇದೆ, ಕಣ್ಣಿಗೆ ಒಂದು ಹನಿ. "ನಾಟಿ ಕೋಳಿಗೆ ಅದೆಲ್ಲ ಯಾಕೆ" ಎಂದು ಅತ್ತೆ ಹಾಕಿಸಿರಲಿಲ್ಲ. ಹಾಕಿಸಿರಲಿಲ್ಲವೆಂದು ಈಗ ಯಾರೂ ಅವರ ಮುಂದೆ ಎತ್ತುತ್ತಿರಲಿಲ್ಲ. ನಾನು ಪಶು ಆಸ್ಪತ್ರೆಯಲ್ಲಿ ವಿಚಾರಿಸಿದರೆ, ಸೀಸೆ ಒಡೆದರೆ ನೂರು ಕೋಳಿಗೆ, ಒಡೆದ ಮೇಲೆ ಇಡುವ ಹಾಗಿಲ್ಲ ಎಂದರು. ನನ್ನ ಹತ್ತಿರ ಇರುವುದು ಹತ್ತು ಮತ್ತೊಂದು. ಬೆಳ್ಳಾವಿ ಕಡೆಯ ಹಳ್ಳಿಯೊಂದರಲ್ಲಿ ಇಡೀ ಊರಿನ ಕೋಳಿಗೆ ಹಾಕುತ್ತಾರೆಂದು ತಿಳಿದು, ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟು, ತಾಯಿಯನ್ನು ಅತ್ತೆಯ ಹಾಗೆಯೇ ಕೈಚೀಲದಲ್ಲಿಟ್ಟು ಹೊರಟೆ. ಅಲ್ಲಿ ಸಾಲಿನಲ್ಲಿ ನಿಂತ ಹೆಂಗಸೊಬ್ಬರು ಯಾವೂರೆಂದು ವಿಚಾರಿಸಿ, "ತುಮಕೂರಿಂದ ಕೋಳಿ ಕಣ್ಣು ತೋರ್ಸೋಕೆ ಇಲ್ಲಿಗ್ ಬಂದಾ?" ಎಂದು ಕೇಳಿ ನಕ್ಕರು. ಸಾಲು ಮುಂದೆ ಸರಿಯಿತು. ಅಷ್ಟೂ ಕಣ್ಣಿಗೆ ಹನಿ ಬಿತ್ತು.

ಈ ನಡುವೆ ನನ್ನ ಕಲೆಯನ್ನೂ ಒಂದು ಕೈ ನೋಡಿದೆ. ತಾಯಿ ಕೋಳಿ ಕಾಳು ಕಂಡಾಗ ಮರಿಗಳನ್ನು ಕರೆಯುವ 'ಟುಕ್ ಟುಕ್ ಟುಕ್' ಎಂಬ ಸದ್ದನ್ನು ಮೂರು ದಿನ ಅಭ್ಯಾಸ ಮಾಡಿದೆ. ಅಮ್ಮನೇ ಒಳಗಿನಿಂದ ಮೋಸಹೋಗಿ, "ಕೋಳಿ ಯಾಕೆ ಅಡುಗೆಮನೆ ಹತ್ರ ಬಂತು?" ಎಂದು ಕೂಗಿದರು. ಆದರೆ ಮರಿಗಳು ಒಂದು ಸಲ ಓಡಿಬಂದು, ನನ್ನ ಪಾದದ ಸುತ್ತ ನೋಡಿ, ಕಾಳಿಲ್ಲವೆಂದು ತಿಳಿದು ವಾಪಸು ಹೋದವು. ಎರಡನೆಯ ಸಲ ತಿರುಗಿಯೂ ನೋಡಲಿಲ್ಲ. ಅಂಥ ಪ್ರೇಕ್ಷಕರನ್ನು ನಾನು ಕಂಡಿಲ್ಲ. ಅವಕ್ಕೆ ಬೇಕಾದದ್ದು ದನಿಯಲ್ಲ, ಕಾಳು ಮತ್ತು ಬಿಸಿ.

ಆ ಬಿಸಿಯೇ ಒಂದು ದಿನ ಕೈಬಿಟ್ಟಿತು. ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ಬೆಳಿಗ್ಗೆ ಎದುರಿನ ಮನೆಯೇ ಕಾಣದಷ್ಟು ಮಂಜು. ಹೇಟೆ ಇದ್ದಕ್ಕಿದ್ದಂತೆ ಮರಿಗಳನ್ನು ಕುಕ್ಕಿ ಓಡಿಸತೊಡಗಿತು. ಹತ್ತಿರ ಬಂದದ್ದರ ನೆತ್ತಿಗೆ ಒಂದು ಏಟು. ಸಂಜೆ ತಾನೊಂದೇ ಹಾರಿ ಸೀಬೆ ಗಿಡದ ಕೊಂಬೆಯ ಮೇಲೆ ಕೂತುಬಿಟ್ಟಿತು. ಅತ್ತೆಗೆ ಫೋನ್ ಮಾಡಿದೆ.

"ಮರಿ ಬಿಟ್ಟೈತೆ. ಮತ್ತೆ ಮೊಟ್ಟೆಗೆ ಬತ್ತಾ ಐತೆ ಅದು. ಬೇಸಗೇಲಾದ್ರೆ ಯೋಚ್ನೆ ಇರ್ಲಿಲ್ಲ."

"ಅದಕ್ಕೆ ಬುದ್ಧಿ ಹೇಳೋಕಾಗಲ್ವಾ ಅತ್ತೆ?"

"ನಿನಗೇ ಹೇಳೋಕಾಗ್ಲಿಲ್ಲ, ಅದಕ್ಕೇನ್ ಹೇಳ್ಲಿ. ಅರ್ಧ ಪುಕ್ಕ ಬಂದಿರ್ತವೆ ಅವಕ್ಕೆ, ಹೊಟ್ಟೆ ಕೆಳಗೆ ಇನ್ನೂ ಬರೀ ಮೈ. ಇನ್ನ ಮೂರ್ ವಾರ ಬೆಚ್ಚಗಿಟ್ರೆ ಬದುಕ್ತವೆ."

ಮೂರು ವಾರ, ಅದೂ ಮಾಗಿಯ ನಡುಮಧ್ಯೆ. ನಾನು ಗೂಡಿಗೆ ಬಲ್ಬು ಹಾಕಿದರಾಯಿತು ಎಂದು ಅಂಗಡಿಯಲ್ಲಿ ಸಿಕ್ಕ ಅತಿ ದೊಡ್ಡ ಎಲ್‌ಇಡಿ ತಂದು ತೂಗುಹಾಕಿದೆ. ಗೂಡು ಮದುವೆ ಛತ್ರದಂತೆ ಝಗಝಗಿಸಿತು. ಬೆಳಿಗ್ಗೆ ಹೋಗಿ ಬಲ್ಬು ಮುಟ್ಟಿದರೆ ಚಳಿಗೆ ಮರಗಟ್ಟಿದ ನನ್ನ ಮೂಗಿನ ತುದಿಯಷ್ಟೇ ಬಿಸಿ. ಕೆಳಗೆ ಮರಿಗಳು ಗೂಡಿನ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಒತ್ತಿಕೊಂಡಿದ್ದವು. ಒಂದೊಂದಾಗಿ ಎತ್ತಿ ಬೇರೆ ಇಟ್ಟೆ. ಒಂಬತ್ತು ಎತ್ತಿದೆ. ಎಲ್ಲದರ ಅಡಿಯಲ್ಲಿದ್ದ ಹತ್ತನೆಯದು ಚಪ್ಪಟೆಯಾಗಿತ್ತು. ಅದು ಚಳಿಗೆ ಸತ್ತದ್ದಲ್ಲ. ಅಕ್ಕತಂಗಿಯರ ಭಾರಕ್ಕೆ ಸತ್ತದ್ದು.

ಅವತ್ತು ಕುಣಿಗಲ್ ಬಸ್ಸಿನಲ್ಲಿ ನಾನು ಯಾರ ದನಿಯನ್ನೂ ಮಾಡಲಿಲ್ಲ. ದಿನಾ ಜೊತೆಗೆ ಬರುವವರು "ಹುಷಾರಿಲ್ವಾ?" ಎಂದು ಕೇಳಿದರು. ಹನ್ನೊಂದರಲ್ಲಿ ಎರಡನ್ನು ಕೊಂದದ್ದು ಚಳಿಯಲ್ಲ, ನನ್ನ ಜಾಣತನ ಎಂದು ಲೆಕ್ಕ ಸ್ಪಷ್ಟವಾಗಿತ್ತು. ಇನ್ನು ಒಂದೂ ಹೋಗಬಾರದು. ಬಸ್ಸು ಇಳಿಯುವ ಹೊತ್ತಿಗೆ ಏನು ಮಾಡಬೇಕೆಂದು ಗೊತ್ತಾಗಿತ್ತು.

ಮೂಲೆಯಿದ್ದರೆ ತಾನೆ ಒತ್ತಿಕೊಳ್ಳುವುದು? ಗುಬ್ಬಿ ಸಂತೆಯಿಂದ ದುಂಡನೆಯ ದೊಡ್ಡ ಬಿದಿರು ಮಂಕರಿ ತರಿಸಿದೆ. ಮಂಕರಿಗೆ ಮೂಲೆಯೇ ಇಲ್ಲ. ತಳಕ್ಕೆ ಗೋಣಿ, ಮೇಲೆ ಹೊಟ್ಟು. ಬಿಸಿಗೆ ನಮ್ಮ ತಾರಸಿಯ ಸೋಲಾರ್ ಹೀಟರ್ ಇತ್ತಲ್ಲ! ಮಾಗಿಯಲ್ಲಿ ಬೆಳಿಗ್ಗೆ ಮಂಜಿದ್ದರೂ ಮಧ್ಯಾಹ್ನ ತುಮಕೂರಿನ ಬಿಸಿಲಿಗೆ ಕೊರತೆಯಿಲ್ಲ. ಸಂಜೆಗೆ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ. ಹಳೆಯ ಸ್ಟೀಲ್ ಬಾಟಲಿಗಳಿಗೆ ಅದನ್ನು ತುಂಬಿ, ನನ್ನ ಸ್ವೆಟರಿನ ತೋಳು ಕತ್ತರಿಸಿ ಅವಕ್ಕೆ ತೊಡಿಸಿ, ಮಂಕರಿಯ ನಡುವೆ ನಿಲ್ಲಿಸಿದೆ. ಮರಿಗಳು ಮೊದಲು ಅನುಮಾನಿಸಿದವು. ಆಮೇಲೆ ಒಂದು ಬಂದು ಬೆನ್ನು ಒರಗಿಸಿತು. ಸ್ವಲ್ಪ ಹೊತ್ತಿಗೆ ಒಂಬತ್ತೂ ಬಾಟಲಿಗಳ ಸುತ್ತ ಉಂಗುರದ ಹಾಗೆ ಕೂತು ಕಣ್ಣು ಮುಚ್ಚಿದ್ದವು.

ತೊಂದರೆ ಏನೆಂದರೆ ನಮ್ಮ ಸೋಲಾರಿನ ನೀರು ಸಂಜೆಯ ಬಾಟಲಿಗೂ, ಬೆಳಗಿನ ಜಾವ ಐದಕ್ಕೆ ಮತ್ತೆ ತುಂಬುವ ಬಾಟಲಿಗೂ ಮಾತ್ರ ಸಾಲುತ್ತಿತ್ತು. ಮನುಷ್ಯರ ಪಾಲಿಗೆ ತಣ್ಣೀರು. ನಾನು ಸ್ನಾನದ ಮನೆಯಲ್ಲಿ ಮೊದಲ ಚೊಂಬು ಸುರಿದುಕೊಂಡಾಗ ಹೊರಟ ದನಿಯನ್ನು ಈವರೆಗೆ ಯಾವ ವೇದಿಕೆಯಲ್ಲೂ ಮರಳಿ ಹೊರಡಿಸಲು ಆಗಿಲ್ಲ. ಅಮ್ಮ ನಾಲ್ಕು ದಿನ ಗ್ಯಾಸಿನ ಮೇಲೆ ನೀರು ಕಾಯಿಸಿಕೊಂಡರು. ಐದನೆಯ ದಿನ ಒಲೆಯ ಮೇಲಿದ್ದ ಪಾತ್ರೆಯನ್ನೂ ಮಂಜು ಕವಿದ ಹಿತ್ತಲನ್ನೂ ನೋಡಿ, ಆ ನೀರನ್ನೂ ಬಾಟಲಿಗೆ ಸುರಿದರು. "ಅವಳಿಗೆ ಏನಂತ ಮುಖ ತೋರ್ಸೋದು ನಾನು, ಇನ್ನೊಂದ್ ಹೋದ್ರೆ" ಎಂದರು. ನಾದಿನಿಯಾದ ಅತ್ತೆಗೂ ಅಮ್ಮನಿಗೂ ಮಾತು ಆಡಿಸಿದರೆ ಮಾತು ಎಂಬಷ್ಟೇ ಸ್ನೇಹ. ನಾನು ಬಾಟಲಿಯ ಮುಚ್ಚಳ ಬಿಗಿದೆ.

ಮೋಡ ಮುಸುಕಿದ ಎರಡು ದಿನ ಸೋಲಾರಿನಲ್ಲಿ ಬರೀ ಉಗುರುಬೆಚ್ಚಗೆ. ಕಂಡಕ್ಟರ್ ತಮ್ಮ ಮನೆಯಲ್ಲಿ ಕರೆಂಟಿನ ಗೀಸರ್ ಹಾಕಿ, ಕಾಂಪೌಂಡಿನ ಮೇಲಿಂದ ಬಕೆಟ್ ದಾಟಿಸಿದರು. "ನೋಡಪ್ಪಾ, ನನ್ನ ಅಣಕಿಸೋದು ಬಿಟ್ಟೆ ಅಂದ್ರೆ ನೀರು. ಇಲ್ಲಾಂದ್ರೆ ಸ್ಟಾಪ್ ಇಲ್ಲ." ಒಪ್ಪಿಕೊಂಡೆ. ಅವರ ದನಿಯನ್ನು ಮೂರು ವಾರ ಮುಟ್ಟಲಿಲ್ಲ. ನನ್ನ ಮಟ್ಟಿಗೆ ತಣ್ಣೀರಿಗಿಂತ ಕಷ್ಟದ ವ್ರತ ಅದು.

ದಿನಾ ಸಂಜೆ ಅತ್ತೆಯ ಫೋನ್ ಬರುತ್ತಿತ್ತು. ಕುಶಲ ಇಲ್ಲ, ಊಟ ಇಲ್ಲ. "ಎಷ್ಟು?" "ಒಂಬತ್ತು." ಫೋನ್ ಕಟ್. ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ಮಾತು ಬರಬಹುದು ಅಂದುಕೊಂಡೆ. "ಎಷ್ಟು?" "ಒಂಬತ್ತು." ಮರಿಗಳ ಹೊಟ್ಟೆಯ ಕೆಳಗೆ ಪುಕ್ಕ ಮೂಡುತ್ತ ಬಂತು. ಒಂದು ಬೆಳಿಗ್ಗೆ ಬಾಟಲಿ ತುಂಬಲು ಹೋದರೆ ಅವು ಬಾಟಲಿಗಳನ್ನು ಬಿಟ್ಟು ಮಂಕರಿಯ ಅಂಚಿನ ಮೇಲೆ ಸಾಲಾಗಿ ಹತ್ತಿ ಕೂತಿದ್ದವು. ಅವತ್ತಿನಿಂದ ಅಮ್ಮನಿಗೂ ನನಗೂ ಬಿಸಿನೀರು ಸಿಕ್ಕಿತು.

ಶಿವರಾತ್ರಿ ಕಳೆದ ಮೊದಲ ಭಾನುವಾರ ಅತ್ತೆ ಖಾಲಿ ಬುಟ್ಟಿ ಹಿಡಿದು ಬಂದರು. ಒಂಬತ್ತನ್ನೂ ಒಂದೊಂದಾಗಿ ಕೈಗೆತ್ತಿಕೊಂಡು ಎದೆ, ರೆಕ್ಕೆ, ಕಾಲು ಮುಟ್ಟಿ ನೋಡಿದರು. ಎರಡು ಹುಂಜ, ಏಳು ಹೇಟೆ. ವಾರದ ಪದ್ಧತಿಯಂತೆ ಸಾಕಿದವರು ಎರಡು ಪಾಲು ಮಾಡಬೇಕು, ಕೊಟ್ಟವರು ತಮಗೆ ಬೇಕಾದ ಪಾಲು ಎತ್ತಿಕೊಳ್ಳಬೇಕು. ನಾನು ಪಾಲು ಮಾಡಲಿಲ್ಲ. ಮೊದಲೇ ನಿಶ್ಚಯಿಸಿದ್ದಂತೆ, ದಾನಶೂರನ ಗತ್ತಿನಲ್ಲಿ ಹೇಳಿದೆ:

"ಎಲ್ಲಾ ನಿಮ್ದೇ ಅತ್ತೆ. ತಾಯಿ ಹೇಟೇನೂ ತಗೊಂಡೋಗಿ. ನಿಮ್ಮ ಹಟ್ಟಿ ತುಂಬ್ಲಿ."

ಅದರಲ್ಲಿ ಔದಾರ್ಯ ಅರ್ಧ. ಉಳಿದರ್ಧ, ಬೆಳಗಿನ ಐದು ಗಂಟೆಗೆ ಇನ್ನು ಏಳಲಾರೆ ಎಂಬುದು. ಅತ್ತೆ ನನ್ನ ಮುಖ ನೋಡಿದರು.

"ಸಾಕಾಯ್ತಾ?"

"ಹಂಗಲ್ಲ ಅತ್ತೆ..."

"ಹಂಗೇ ಕಣೋ. ಗೊತ್ತಾಗ್ತದೆ. ನೋಡು, ನನ್ ಹತ್ರ ಇಪ್ಪತ್ಮೂರಿದ್ವು. ಎಲ್ಲಾ ಒಂದೇ ಹಟ್ಟೀಲಿದ್ವು, ಎಲ್ಲಾ ಒಂದೇ ವಾರದಲ್ಲಿ ಹೋದ್ವು. ನಿನ್ ಹತ್ರ ಬಾಂಡ್ಲೀಲಿ ಇದ್ದಿದ್ದಷ್ಟೇ ಉಳ್ಕೊಂಡಿದ್ದು. ಈಗ ಎಲ್ಲಾನೂ ನನ್ ಹಟ್ಟಿಗೇ ತಗೊಂಡೋದ್ರೆ, ನಾಳೆ ಮತ್ತೆ ಯಾವ ಬಾಂಡ್ಲಿ ಹುಡುಕ್ಲಿ? ಅರ್ಧ ಇಲ್ಲೇ ಇರ್ಬೇಕು. ಪಾಲು ಮಾಡು."

ಪಾಲು ಮಾಡಿದೆ. ನಾಲ್ಕು ಒಂದು ಕಡೆ, ಐದು ಒಂದು ಕಡೆ, ಎರಡೂ ಕಡೆ ಒಂದೊಂದು ಹುಂಜ. ಕೊಟ್ಟವರು ದೊಡ್ಡ ಪಾಲು ಎತ್ತುತ್ತಾರೆಂದು ನಂಬಿದ್ದೆ. ಅತ್ತೆ ನಾಲ್ಕರ ಪಾಲನ್ನು ಬುಟ್ಟಿಗೆ ಹಾಕಿಕೊಂಡರು. ತಾಯಿ ಹೇಟೆಯನ್ನು ನಮ್ಮ ಕಡೆಗೆ ತಳ್ಳಿದರು. "ಇದು ಮತ್ತೆ ಕಾವಿಗೆ ಬತ್ತದೆ. ಕೂರ್ಸು."

ಬುಟ್ಟಿ ಹಿಡಿದುಕೊಂಡು ನಾನೂ ಹಳ್ಳಿಯವರೆಗೆ ಹೋದೆ. ಹಟ್ಟಿ ಬ್ಯಾಂಕಿನ ಹಾಗೆ ಬೆಳ್ಳಗಿತ್ತು. ಮಾವ ಹೊಸ ಗೂಡು ಕಟ್ಟಿಸಿದ್ದರು. ಕೆಳಗೆ ಹೊಟ್ಟು, ಮೇಲೆ ಸುತ್ತಲೂ ಗಾಳಿಗೆ ಜಾಲರಿ. ಅತ್ತೆ ಅವರೆಗಿಡದ ಸಾಲಿನ ಬಳಿ ಬುಟ್ಟಿ ಮಗುಚಿದರು. ನಾಲ್ಕೂ ಸ್ವಲ್ಪ ಹೊತ್ತು ಕಲ್ಲಿನ ಹಾಗೆ ನಿಂತವು. ಆಮೇಲೆ ಒಂದು ಹೇಟೆ ಎಡಗಾಲಿನಿಂದ ಮಣ್ಣು ಕೆದಕಿತು, ಬಲಗಾಲಿನಿಂದ ಕೆದಕಿತು, ಏನನ್ನೋ ಹೆಕ್ಕಿತು. ಉಳಿದ ಮೂರೂ ಅದರ ಹತ್ತಿರ ಓಡಿದವು. ನಾಲ್ಕು ತಿಂಗಳಿಂದ ಬರಿದಾಗಿದ್ದ ನೆಲದಲ್ಲಿ ಹೆಜ್ಜೆ ಗುರುತು ಬಿದ್ದವು. ಮಾವ ಮೂಗು ಸೀಟಿಕೊಂಡು, ಧೂಳು ಎಂದರು.

ಬಿಸಿಲು ತೆಂಗಿನ ಗರಿಗಳ ಕೆಳಗಿಳಿದಿತ್ತು. ಒಳಗೆ ಒಗ್ಗರಣೆಯ ವಾಸನೆ ಬರುತ್ತಿತ್ತು, ಉಪ್ಸಾರು, ಮುದ್ದೆ. ನಾನು ಜಗಲಿಯ ಮೇಲೆ ಆರಾಮಾಗಿ ಕೂತೆ. ಅತ್ತೆ ತಿರುಗಿ ನೋಡಿದರು.

"ಏನ್ ಕೂತ್ಬಿಟ್ಟೆ?"

"ಊಟ ಮಾಡ್ಕೊಂಡು ಹೋಗ್ತೀನಿ ಅತ್ತೆ."

"ಅಲ್ಲಿ ಐದು ಮರಿ, ಒಂದು ಹೇಟೆ. ಕಾಳು ಯಾರ್ ಹಾಕೋರು? ಮುಚ್ಚೋರ್ ಯಾರು? ನಿಮ್ಮಮ್ಮ ಒಬ್ಳೇ ಆ ಹುಂಜನ ಹಿಂದೆ ಓಡ್ಬೇಕಾ? ಐದೂಮುಕ್ಕಾಲಿಗೆ ಬಸ್ಸೈತೆ, ಎದ್ದೇಳು."

ಮುದ್ದೆಯ ವಾಸನೆಯನ್ನು ಇನ್ನೊಂದು ಸಲ ಎಳೆದುಕೊಂಡೆ. ಎದ್ದು ಚಪ್ಪಲಿ ಮೆಟ್ಟಿದೆ. ಬಸ್ಸು ಊರ ತಿರುವಿನಲ್ಲಿ ಕಾಣುತ್ತಿತ್ತು. ಓಡಿದೆ.